ಮಣ್ಣಿಗೆ ಬೈಯಬೇಡಿ, ಸಹಿ ಹಾಕಿದವನನ್ನು ಕೇಳಿ

ಗೋಡೆ ಬಿರಿದಿದೆ. ಕಿಟಕಿಯ ಮೂಲೆಯಿಂದ ಹೊರಟ ಬಿರುಕು ಓರೆಯಾಗಿ ಏರಿ ಛಾವಣಿ ಮುಟ್ಟಿದೆ. ಸ್ಲ್ಯಾಬಿನ ತಳದ ಸಿಮೆಂಟು ಹೆಕ್ಕಳಿಕೆಯಾಗಿ ಉದುರಿ, ತುಕ್ಕು ತಿಂದ ಸರಳು ಹೊರಗೆ ಕಾಣುತ್ತಿದೆ. ಬಾಗಿಲ ಚೌಕಟ್ಟು ಸೊಟ್ಟಗಾಗಿದೆ. ಮನೆ ಹಳೆಯದೇನಲ್ಲ. ಗೃಹಪ್ರವೇಶದ ದಿನ ಬಾಗಿಲಿಗೆ ಹಚ್ಚಿದ ಬಣ್ಣ ಇನ್ನೂ ಮಾಸಿಲ್ಲ. ಸಾಲ ತೀರಿಲ್ಲ. ಯಾಕೆ ಹೀಗಾಯಿತು ಎಂದು ಗುತ್ತಿಗೆದಾರನನ್ನು ಕೇಳಿ, ಎಂಜಿನಿಯರನ್ನು ಕೇಳಿ, ಪಂಚಾಯಿತಿಯಲ್ಲಿ ಕೇಳಿ. ಎಲ್ಲರ ಬಾಯಲ್ಲೂ ಒಂದೇ ಮಾತು: "ಎರಿ ಭೂಮಿರಿ, ಏನ್ ಮಾಡೂದು?"

ಏನು ಮಾಡುವುದೆಂದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಲಿಲ್ಲ. ನನ್ನ ಸಿಟ್ಟು ಅದಕ್ಕೆ.

ಎರೆಮಣ್ಣು ಯಾರಿಗೂ ಮೋಸ ಮಾಡಿಲ್ಲ. ನೀರು ಕುಡಿದರೆ ಉಬ್ಬುತ್ತೇನೆ, ಬಿಸಿಲಿಗೆ ಒಣಗಿದರೆ ಬಿರಿಯುತ್ತೇನೆ ಎಂದು ವರ್ಷ ವರ್ಷವೂ ಎಲ್ಲರ ಕಣ್ಣೆದುರು ಹೇಳುತ್ತಲೇ ಬಂದಿದೆ. ಏಪ್ರಿಲ್ ತಿಂಗಳಲ್ಲಿ ವಿಜಯಪುರ, ಕಲಬುರಗಿ, ಗದಗ, ರಾಯಚೂರು ಕಡೆಯ ಯಾವ ಎರೆಹೊಲಕ್ಕಾದರೂ ಹೋಗಿ ನೋಡಿ. ನೆಲದ ಬಿರುಕಿನೊಳಗೆ ಕೈ ಇಳಿಯುತ್ತದೆ. ಮುಂಗಾರು ನಾಲ್ಕು ಸಲ ಚೆನ್ನಾಗಿ ಬಿದ್ದರೆ ಅದೇ ಬಿರುಕು ಕೂಡಿಕೊಂಡು, ನೆಲ ಉಬ್ಬಿ, ನಡೆದವನ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಗುಣ ಅದು. ಅದರ ಪದರಗಳ ನಡುವೆ ನೀರು ಸೇರಿದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ. ಇದೇ ಗುಣದಿಂದಲೇ ಆ ಮಣ್ಣು ಮಳೆಗಾಲದ ಹಸಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಿಂಗಾರಿ ಬಿಳಿಜೋಳ ಬೆಳೆಯುತ್ತದೆ. ಕಡಲೆ ಬೆಳೆಯುತ್ತದೆ. ನಮಗೆ ರೊಟ್ಟಿ ಕೊಟ್ಟ ಮಣ್ಣನ್ನು ಇವತ್ತು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿದ್ದೇವೆ. ನಿಜವಾದ ಆರೋಪಿಗಳು ಹೊರಗೆ ಟೆಂಡರ್ ತುಂಬುತ್ತಿದ್ದಾರೆ.

ಹಿಂದಿನವರು ಈ ಮಣ್ಣನ್ನು ಓದಿಕೊಂಡಿದ್ದರು. ಆ ಸೀಮೆಯ ಹಳೆಯ ಊರುಗಳನ್ನು ನೋಡಿ, ಎಷ್ಟೋ ಊರುಗಳು ಕುಳಿತಿರುವುದು ಮರಡಿಯ ಮೇಲೆ, ಗರಸಿನ ನೆಲದ ಮೇಲೆ. ಎರೆಯನ್ನು ಹೊಲಕ್ಕೆ ಬಿಟ್ಟರು, ಗಟ್ಟಿ ನೆಲವನ್ನು ಮನೆಗೆ ಆರಿಸಿಕೊಂಡರು. ಗೋಡೆ ಮೊಳ ದಪ್ಪ. ಮೇಲೆ ಮಣ್ಣಿನ ಮಾಳಿಗೆ. ಗೋಡೆ ಒಂದಿಷ್ಟು ಅಲುಗಿದರೂ ಮಣ್ಣಿನ ಗಾರೆ ತಾಳಿಕೊಂಡಿತು, ಬಿಟ್ಟ ಸಂದಿಗೆ ಬೇಸಿಗೆಯಲ್ಲಿ ಮತ್ತೆ ಮಣ್ಣು ಮೆತ್ತಿದರು. ಆ ಮನೆಗಳಿಗೆ ಕುಂದಿರಲಿಲ್ಲ ಎಂದಲ್ಲ. ಮಳೆ ಜೋರಾದ ವರ್ಷ ಅವೂ ಕುಸಿದಿವೆ, ಜೀವ ತೆಗೆದಿವೆ. ಪಕ್ಕಾ ಮನೆ ಬೇಕು ಎಂದು ಬಡವರು ಕೇಳಿದ್ದು ಅದಕ್ಕೇ. ಕೇಳಿದ್ದರಲ್ಲಿ ತಪ್ಪೇನು? ತಪ್ಪು ಕೊಟ್ಟವರದು. ಅಲುಗಾಡುವ ನೆಲದ ಮೇಲೆ ಬಗ್ಗದ ಸಿಮೆಂಟಿನ ಪೆಟ್ಟಿಗೆ ಇಟ್ಟು, ಇದು ಪಕ್ಕಾ ಎಂದು ಬೀಗದಕೈ ಕೊಟ್ಟರಲ್ಲ, ಅವರದು.

ಈಗ ತಿಳಿವಳಿಕೆಯ ಮಾತಿಗೆ ಬರೋಣ. ಗೊತ್ತಿರಲಿಲ್ಲ ಎನ್ನುವ ನೆಪ ಯಾರಿಗೂ ಉಳಿಯಬಾರದು.

ರೂರ್ಕಿಯಲ್ಲಿ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದೆ. ಸರ್ಕಾರದ್ದೇ ಸಂಸ್ಥೆ, ನಮ್ಮ ತೆರಿಗೆಯ ದುಡ್ಡು. ಎರೆಮಣ್ಣಿಗೆಂದೇ ಅದು 1950ರ ದಶಕದಲ್ಲಿ ಒಂದು ಬುನಾದಿಯನ್ನು ರೂಪಿಸಿತು: ಅಂಡರ್ ರೀಮ್ಡ್ ಪೈಲ್. ಕೈಯಿಂದ ತಿರುಗಿಸುವ ಬೈರಿಗೆಯಿಂದಲೇ ನೆಲಕ್ಕೆ ರಂಧ್ರ ಕೊರೆಯಬಹುದು. ಅದರ ಬುಡದಲ್ಲಿ ಕಂಬದ ದಪ್ಪದ ಎರಡೂವರೆ ಪಟ್ಟು ಅಗಲದ ಉಬ್ಬು ಮಾಡಿ ಕಾಂಕ್ರೀಟು ತುಂಬಬೇಕು. ಆ ಉಬ್ಬು ಆಳದ ಗಟ್ಟಿ ಮಣ್ಣಿನಲ್ಲಿ ಕಚ್ಚಿಕೊಂಡು ಕೂರುತ್ತದೆ. ಮೇಲಿನ ಮಣ್ಣು ಉಬ್ಬಲಿ, ಕುಗ್ಗಲಿ, ಮನೆ ಅದರ ಜೊತೆ ಕುಣಿಯುವುದಿಲ್ಲ. ಭಾರತೀಯ ಮಾನಕ ಸಂಸ್ಥೆ ಇದನ್ನು ಐಎಸ್ 2911ರ ಮೂರನೇ ಭಾಗವಾಗಿ ಅಚ್ಚು ಹಾಕಿಸಿದೆ. 1980ರ ಆವೃತ್ತಿ ಎಂಜಿನಿಯರಿಂಗ್ ಕಾಲೇಜುಗಳ ಕಪಾಟಿನಲ್ಲಿದೆ. ಆಳವಾದ ಎರೆಭೂಮಿಯಲ್ಲಿ ಪೈಲು ಕನಿಷ್ಠ 3.5 ಮೀಟರ್ ಇಳಿಯಬೇಕು ಎನ್ನುತ್ತದೆ ಅದು. ಯಾಕೆಂದರೆ ಆ ಆಳದ ಕೆಳಗೆ ಮಳೆ ಬಿಸಿಲಿನ ಆಟ ಬಹುಮಟ್ಟಿಗೆ ನಿಂತುಹೋಗಿರುತ್ತದೆ. ಪೈಲುಗಳ ತಲೆಯ ಮೇಲೆ ಹಾಯುವ ತೊಲೆಗೂ ನೆಲಕ್ಕೂ ನಡುವೆ 80 ಮಿಲಿಮೀಟರ್ ಜಾಗ ಬಿಡಬೇಕು ಎಂದೂ ಹೇಳುತ್ತದೆ. ನಾಲ್ಕು ಬೆರಳಿನಷ್ಟು ಖಾಲಿ ಜಾಗ. ಮಣ್ಣು ಉಬ್ಬಿದರೆ ಉಬ್ಬಲು ತಾವಿರಲಿ ಎಂದು.

3.5 ಮೀಟರ್ ಎಂದರೆ ಹನ್ನೊಂದೂವರೆ ಅಡಿ. ನಮ್ಮ ಕಾಲೊನಿಗಳಲ್ಲಿ ಪಾಯಾ ಎಷ್ಟು ಅಗೆಯುತ್ತಾರೆ? ಮೂರಡಿ. ಕೇಳುವವರು ಪಕ್ಕದಲ್ಲಿ ನಿಂತಿದ್ದರೆ ನಾಲ್ಕಡಿ. ಅಂದರೆ ಮಣ್ಣು ಅತಿ ಹೆಚ್ಚು ಕುಣಿಯುವ ಪದರದ ಮೇಲೇ ತಂದು ಮನೆ ಕೂರಿಸುತ್ತಾರೆ!

ಮಣ್ಣು ಎಷ್ಟು ಉಬ್ಬುತ್ತದೆಂದು ತಿಳಿಯಲು ದೊಡ್ಡ ಯಂತ್ರವೂ ಬೇಕಿಲ್ಲ. ಒಣಗಿಸಿ ಜರಡಿ ಹಿಡಿದ ಮಣ್ಣು ಹತ್ತು ಹತ್ತು ಗ್ರಾಂ. ನೂರು ಮಿಲಿಲೀಟರಿನ ಎರಡು ಗಾಜಿನ ಅಳತೆ ಜಾಡಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಎರೆ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. 24 ತಾಸು ಬಿಟ್ಟು ಎರಡರ ಮಟ್ಟ ಓದಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಡಿಪ್ಲೊಮಾ ಓದುವ ಹುಡುಗ ಮಾಡುವ ಪರೀಕ್ಷೆ ಇದು. ನೂರಾರು ಮನೆಗಳ ಬಡಾವಣೆಗೆ ಜಾಗ ಗುರುತಿಸುವ ಮೊದಲು ಇಷ್ಟೂ ಮಾಡಲಾಗದೆ? ಮಾಡದೆ ನಕ್ಷೆಗೆ ಸಹಿ ಹಾಕಿದ ಕೈ ಯಾವುದು? ಆ ಕೈಗೆ ಸಂಬಳ ಯಾವ ಕೆಲಸಕ್ಕೆ?

ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಮಲಪ್ರಭಾ ಬಲದಂಡೆ ಕಾಲುವೆ ಎರೆಭೂಮಿಯಲ್ಲಿ ಹಾಯುತ್ತದೆ. ಉಬ್ಬುವ ಮಣ್ಣು ಕಾಲುವೆಯ ಕಾಂಕ್ರೀಟು ಹೊದಿಕೆಯನ್ನೂ ಎತ್ತಿ ಒಡೆಯುವಂಥದ್ದು. ಆಗ ಸರ್ಕಾರ ಕೈಚೆಲ್ಲಿ "ಎರಿ ಭೂಮಿರಿ" ಅನ್ನಲಿಲ್ಲ. ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರು ಎರೆ ಮತ್ತು ಕಾಂಕ್ರೀಟಿನ ನಡುವೆ ಉಬ್ಬದ, ಆದರೆ ಅಂಟುಗುಣವಿರುವ ಮಣ್ಣಿನ ಪದರವನ್ನು ತಕ್ಕ ದಪ್ಪಕ್ಕೆ ಹಾಸಿ ಗಟ್ಟಿಸುವ ಉಪಾಯ ಕಂಡುಹಿಡಿದರು. ಅದರ ಪ್ರಯೋಗ ನಡೆದದ್ದು ನಮ್ಮದೇ ಮಲಪ್ರಭಾ ಕಾಲುವೆಯಲ್ಲಿ, 1970ರ ದಶಕದಲ್ಲಿ. ಮುಂದೆ ಎರೆಮಣ್ಣಿನ ಕಾಲುವೆಗಳಿಗೆ ದೇಶದ ಮಾನಕದಲ್ಲೇ ಈ ಪದ್ಧತಿ ಸೇರಿತು. ಹರಿವ ನೀರಿಗೆ ಇಷ್ಟೆಲ್ಲ ಕಾಳಜಿ. ಕಾಲುವೆಯ ದಂಡೆಯಲ್ಲೇ ಇರುವ ಊರಿನ ಆಶ್ರಯ ಮನೆಯ ಅಡಿ ಒಂದು ಗಾಡಿ ಗರಸು ಹಾಕಿ ಗಟ್ಟಿಸಲು ನಿಮಗೆ ಕೈ ಬರಲಿಲ್ಲ. ಕಾಲುವೆಗಿಂತ ಮನುಷ್ಯ ಕಡೆಯಾದನೆ?

ದುಡ್ಡಿಲ್ಲ ಎನ್ನುತ್ತೀರಿ. ದುಡ್ಡಿನ ಲೆಕ್ಕವನ್ನೇ ನೋಡೋಣ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ 2016ರಲ್ಲಿ ಶುರುವಾಯಿತು. ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ, ಗುಡ್ಡಗಾಡು ಮತ್ತು ದುರ್ಗಮ ಪ್ರದೇಶದ ಮನೆಗೆ 1.30 ಲಕ್ಷ. ಗುಡ್ಡದಲ್ಲಿ ಮನೆ ಕಟ್ಟುವುದು ಕಷ್ಟ ಎಂದು ದಿಲ್ಲಿಗೆ ಗೊತ್ತು. ಎರೆಯಲ್ಲಿ ಕಟ್ಟುವುದು ಕಷ್ಟ ಎಂದು ಗೊತ್ತಿಲ್ಲವೆ? ವಿಜಯಪುರದ ಎರೆಗೂ ಕೋಲಾರದ ಕೆಂಪು ನೆಲಕ್ಕೂ ಅದೇ 1.20 ಲಕ್ಷ. ಎರಡೂ ಬಯಲು. ಎರಡೂ ಒಂದೇ ಕಾಲಮ್ಮು. 2024ರಲ್ಲಿ ಯೋಜನೆಯನ್ನು ಇನ್ನೈದು ವರ್ಷ ಮುಂದುವರಿಸುವಾಗಲೂ ಮೊತ್ತ ಅಷ್ಟೇ ಉಳಿಯಿತು. ಇಷ್ಟು ವರ್ಷಗಳಲ್ಲಿ ಸಿಮೆಂಟಿನ ದರ, ಕಬ್ಬಿಣದ ದರ, ಗೌಂಡಿಯ ಪಗಾರ ನಿಂತಲ್ಲೇ ನಿಂತಿದ್ದವೆ? ಉತ್ತರ ಕರ್ನಾಟಕದ ಸಂಸದರೇ, ಶಾಸಕರೇ, ನಿಮ್ಮ ಮನೆಗಳೂ ಇದೇ ಮಣ್ಣಿನ ಮೇಲಿವೆ. ನಿಮ್ಮ ಬುನಾದಿ ಎಷ್ಟು ಆಳ? ನಿಮ್ಮ ಮನೆಯ ಮಣ್ಣು ಪರೀಕ್ಷೆ ಆಗಿತ್ತಲ್ಲ? ಎರೆಭೂಮಿಯ ಬುನಾದಿಗೆ ಬೇರೆ ದುಡ್ಡು ಕೊಡಿ ಎಂದು ಸದನದಲ್ಲಿ ಮೇಜು ಗುದ್ದಿ ಕೇಳಿದವರು ಎಷ್ಟು ಜನ?

ಬಿಡುಗಡೆಯಾಗುವ ಹಣವೂ ಹೇಗೆ ಬರುತ್ತದೆ? ಹಂತ ಹಂತವಾಗಿ, ಫೋಟೊ ನೋಡಿ. ಪಾಯಾ ಆಯಿತೆ, ಫೋಟೊ. ಕಿಟಕಿ ಮಟ್ಟ ಆಯಿತೆ, ಫೋಟೊ. ಛಾವಣಿ ಆಯಿತೆ, ಫೋಟೊ. ಮೊಬೈಲಿನಲ್ಲಿ ಜಾಗದ ಗುರುತು ಸಮೇತ ತೆಗೆದು ಏರಿಸಬೇಕು. ಕಳ್ಳ ಬಿಲ್ಲು ತಡೆಯಲು ಮಾಡಿದ ಏರ್ಪಾಡು, ಒಳ್ಳೆಯದೇ. ಆದರೆ ಆ ಫೋಟೊದಲ್ಲಿ ಕಾಣುವುದು ನೆಲದ ಮೇಲಿನ ಕಲ್ಲು. ನೆಲದ ಕೆಳಗಿನ ಆಳ ಕಾಣುವುದಿಲ್ಲ. ತೆಗ್ಗಿಗೆ ಅಳತೆಪಟ್ಟಿ ಇಳಿಸಿ ಒಂದು ಫೋಟೊ ತೆಗೆಯಿರಿ ಎಂದು ಯಾವ ಸುತ್ತೋಲೆ ಹೇಳಿತು? ಫಲಾನುಭವಿಯ ಮುಖ ಬೇಕು, ಮನೆಯ ಮುಖ ಬೇಕು, ಗೋಡೆಯ ಮೇಲೆ ಯೋಜನೆಯ ಹೆಸರು ಬೇಕು. ಮನೆ ನಿಲ್ಲುವ ಜಾಗ ಮಾತ್ರ ಯಾರಿಗೂ ಬೇಡ.

ಇನ್ನು ಮೇಲಿನ ಕೆಲಸ. ಕಾಂಕ್ರೀಟಿನ ಕೊಲೆ ನಡೆಯುವುದು ಇಲ್ಲಿ.

ಸರ್ಕಾರದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಬಿಲ್ಲು ಆಗಬೇಕು, ಅನುದಾನ ವಾಪಸು ಹೋಗಬಾರದು. ಹಾಗಾಗಿ ಫೆಬ್ರವರಿ, ಮಾರ್ಚಿನಲ್ಲಿ ಎಲ್ಲ ಕಡೆ ಕಾಂಕ್ರೀಟಿನ ಗಡಿಬಿಡಿ. ಖಾಸಗಿಯವರಿಗೆ ಮಳೆಗಾಲದ ಮುಂಚೆ ಸ್ಲ್ಯಾಬು ಮುಗಿಯಬೇಕು, ಅವರದು ಏಪ್ರಿಲ್, ಮೇ. ಕಲಬುರಗಿ, ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟುವ ತಿಂಗಳುಗಳವು. ಸೆಂಟ್ರಿಂಗ್ ಹಲಗೆಯ ಮೇಲೆ ಬರಿಗಾಲಿಡಲಾಗದು. ಕಟ್ಟಿದ ಸರಳು ಮುಟ್ಟಿದರೆ ಕೈ ಸುಡುತ್ತದೆ. ಬಯಲಲ್ಲಿ ಒಟ್ಟಿದ ಖಡಿ ಕಾದು ಕೆಂಡವಾಗಿರುತ್ತದೆ. ಅಂಥ ಹೊತ್ತಿನಲ್ಲಿ, ಬೆಳಗಿನ ಹತ್ತಕ್ಕೆ ಮಿಕ್ಸರ್ ಶುರು ಮಾಡಿ ನಡುಮಧ್ಯಾಹ್ನ ಸ್ಲ್ಯಾಬು ಹಾಕುತ್ತಾರೆ.

ಆಗ ಏನಾಗುತ್ತದೆ ಗೊತ್ತೆ? ಕಲಸಿದ ಮಾಲು ಬಿಸಿಲಿಗೆ ಬಿಗಿಯತೊಡಗುತ್ತದೆ. ಬಾಂಡ್ಲಿಯಿಂದ ಇಳಿಯುವುದಿಲ್ಲ, ಸರಳಿನ ಸಂದಿಗೆ ಹೋಗುವುದಿಲ್ಲ. ಕೆಳಗಿನಿಂದ ಕೂಗು ಬರುತ್ತದೆ: "ನೀರು ಹಾಕಲೇ!" ಕೊಡಗಟ್ಟಲೆ ನೀರು ಬೀಳುತ್ತದೆ. ಮಾಲು ಗಂಜಿಯಾಗಿ ಹರಿಯುತ್ತದೆ. ಕೆಲಸ ಬೇಗ ಸಾಗುತ್ತದೆ. ಮನೆಯ ಆಯುಸ್ಸು ಅಲ್ಲೇ ಅರ್ಧ ಸೋರಿಹೋಗುತ್ತದೆ.

ನೀರು ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಕುಗ್ಗುತ್ತದೆ. ಅಮೆರಿಕದ ಡಫ್ ಅಬ್ರಾಮ್ಸ್ ಇದನ್ನು 1918ರಲ್ಲೇ ಲೆಕ್ಕ ಹಾಕಿ ತೋರಿಸಿದ. ನೂರು ವರ್ಷ ದಾಟಿತು. ನಮ್ಮ ಐಎಸ್ 456 ಸರಳು ಹಾಕಿದ ಕಾಂಕ್ರೀಟಿಗೆ ಅತಿ ಸೌಮ್ಯ ವಾತಾವರಣದಲ್ಲೂ ಸಿಮೆಂಟಿನ ತೂಕದ 0.55 ಪಾಲಿಗಿಂತ ಹೆಚ್ಚು ನೀರು ಕೂಡದು ಎನ್ನುತ್ತದೆ. 50 ಕಿಲೊ ಚೀಲಕ್ಕೆ ಹೆಚ್ಚೆಂದರೆ 27 ಲೀಟರ್ ಚಿಲ್ಲರೆ. ಉಸುಕು ಹಸಿಯಾಗಿದ್ದರೆ ಅದರೊಳಗಿನ ನೀರೂ ಈ ಲೆಕ್ಕಕ್ಕೇ ಸೇರಬೇಕು. ಯಾವ ಮಿಕ್ಸರಿನ ಪಕ್ಕದಲ್ಲಾದರೂ ಅಳತೆಯ ಡಬ್ಬಿ ನೋಡಿದ್ದೀರಾ? ನಾನು ನೋಡಿದ್ದು ಪ್ಲಾಸ್ಟಿಕ್ ಪೈಪು. ಹಿಡಿದವನ ಮನಸ್ಸಿಗೆ ಬಂದಷ್ಟು ನೀರು.

ಹೆಚ್ಚಿಗೆ ಸುರಿದ ಆ ನೀರು ಆವಿಯಾಗಿ ಹೋದ ದಾರಿಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಮುಂದೆ ಮಳೆನೀರು, ಗಾಳಿ, ಉಪ್ಪು ಅದೇ ದಾರಿಯಲ್ಲಿ ಒಳಗೆ ನುಗ್ಗಿ ಸರಳನ್ನು ತಿನ್ನುತ್ತವೆ. ಬಿಸಿಗಾಳಿಗೆ ಮೇಲ್ಮೈ ಮೊದಲೇ ಆರಿ, ಹಾಕಿದ ಕೆಲವೇ ತಾಸಿನಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಗೌಂಡಿ ಅದರ ಮೇಲೆ ಒಣ ಸಿಮೆಂಟು ಎರಚಿ ಕರಣೆ ಎಳೆಯುತ್ತಾನೆ. ಬಿರುಕು ಮುಚ್ಚಿತು, ವಾಸಿಯಾಗಲಿಲ್ಲ. 40 ಡಿಗ್ರಿ ಮೀರಿದ ಬಿಸಿಯಲ್ಲಿ ಕಾಂಕ್ರೀಟು ಹೇಗೆ ಹಾಕಬೇಕೆಂದು ಐಎಸ್ 7861 ಎಂಬ ಪ್ರತ್ಯೇಕ ಮಾನಕವೇ 1975ರಿಂದ ಇದೆ. ಖಡಿಗೆ ನೆರಳು ಮಾಡಿ. ಹಲಗೆ, ಸರಳಿಗೆ ಮೊದಲು ತಣ್ಣೀರು ಹೊಡೆಯಿರಿ. ಹೊತ್ತು ಇಳಿದ ಮೇಲೆ, ಇಲ್ಲವೆ ನಸುಕಿನಲ್ಲಿ ಕೆಲಸ ಮಾಡಿ. ಹಾಕಿದ ಕೂಡಲೇ ಹೊದಿಸಿ. ಇಷ್ಟೇ. ಇದರಲ್ಲಿ ಕೋಟಿ ರೂಪಾಯಿಯ ಕೆಲಸ ಯಾವುದು?

ಆಮೇಲಿನದು ನೀರುಣಿಸುವ ಕೆಲಸ. ಒಣ ಬಿಸಿಲಿನ ಸೀಮೆಯಲ್ಲಿ ಹತ್ತು ದಿನಕ್ಕೆ ಕಡಿಮೆಯಾಗಬಾರದು ಎನ್ನುತ್ತದೆ ಐಎಸ್ 456. ಈಗ ಅಂಗಡಿಯಲ್ಲಿ ಸಿಗುವುದು ಬಹುಪಾಲು ಹಾರುಬೂದಿ ಬೆರೆತ ಸಿಮೆಂಟು. ಅದಕ್ಕೆ 14 ದಿನ ಒಳ್ಳೆಯದು ಎನ್ನುತ್ತದೆ. ನಡೆಯುವುದೇನು? ಮೊದಲ ಎರಡು ದಿನ ಸಂಜೆ ಪೈಪಿನಿಂದ ಒಂದು ಸುತ್ತು. ಮೂರನೇ ದಿನ ಟ್ಯಾಂಕರ್ ಬರಲಿಲ್ಲ. ನಾಲ್ಕನೇ ದಿನ ಮರೆತೇಹೋಯಿತು. ಸ್ಲ್ಯಾಬಿನ ಮೇಲೆ ಬದು ಕಟ್ಟಿ ನೀರು ನಿಲ್ಲಿಸಿದರೋ ಇಲ್ಲವೋ, ಕಂಬಕ್ಕೆ ಗೋಣಿತಟ್ಟು ಸುತ್ತಿದರೋ ಇಲ್ಲವೋ, ನೋಡಲು ಎಂಜಿನಿಯರು ಬರುವುದಿಲ್ಲ. ಬಂದರೂ ಜೀಪಿನಿಂದ ಇಳಿಯುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ಗೌಂಡಿಯ ಮೇಲೆ ಹರಿಹಾಯುತ್ತಿಲ್ಲ. ಸುಡುವ ಹಲಗೆಯ ಮೇಲೆ ಬಾಂಡ್ಲಿ ಹೊತ್ತು ಸಾಲಿನಲ್ಲಿ ನಿಂತ ತಾಂಡಾದ ಹೆಣ್ಣುಮಕ್ಕಳ ಮೇಲಂತೂ ಅಲ್ಲವೇ ಅಲ್ಲ. ಅವರಿಗೆ ದಿನಗೂಲಿ. ಬೇಗ ಮುಗಿಸಿದರೆ ಬೇಗ ಮನೆ. ಮಾನಕ ಪುಸ್ತಕ ಇಂಗ್ಲಿಷಿನಲ್ಲಿದೆ, ಕಲಿಸಿದವರು ಯಾರೂ ಇಲ್ಲ. ಕುಡಿಯುವ ನೀರೇ ವಾರಕ್ಕೊಮ್ಮೆ ಬರುವ ಊರಲ್ಲಿ ಗೋಡೆಗೆ ನೀರು ಹೊಡಿ ಎಂದರೆ ಮನೆಯಾಕೆ ಯಾವ ಕೊಡ ಎತ್ತಬೇಕು? ನೀರಿನ ಖರ್ಚು ಅಂದಾಜುಪಟ್ಟಿಯಲ್ಲಿ ಕಾಣಿಸಿದ್ದೀರಾ? ಬೇಸಿಗೆಯಲ್ಲಿ ಕಟ್ಟು ಎನ್ನುವಿರಿ, ನೀರು ಕೊಡಲಾರಿರಿ, ಬಿರಿದರೆ ಮಣ್ಣಿನ ತಪ್ಪು ಎನ್ನುವಿರಿ. ದೀಪಾವಳಿಯಿಂದ ಸಂಕ್ರಾಂತಿವರೆಗಿನ ತಂಪು ತಿಂಗಳಲ್ಲಿ ಸ್ಲ್ಯಾಬು ಬೀಳುವಂತೆ ಹಣ ಬಿಡುಗಡೆ ಮಾಡಲು ಯಾವ ದೇವರು ಅಡ್ಡ ಬಂದಿದ್ದಾನೆ?

ಬೋರ್‌ವೆಲ್ಲಿನ ಉಪ್ಪುನೀರಿನ ಕಥೆ ಬೇರೆ. ಸವುಳು ನೀರಿನ ಊರುಗಳಲ್ಲಿ ಅದೇ ನೀರಲ್ಲಿ ಮಾಲು ಕಲಸುತ್ತಾರೆ, ಅದೇ ನೀರನ್ನು ಗೋಡೆಗೆ ಉಣಿಸುತ್ತಾರೆ. ಸರಳಿಗೆ ಒಳಗಿನಿಂದಲೇ ವಿಷ ಹಾಕಿದಂತಾಯಿತು. ಅದರ ಮೇಲೆ, ಹೊಳೆಯ ಉಸುಕಿನ ಹೆಸರಲ್ಲಿ ಮಣ್ಣು ತೊಳೆದು ತೆಗೆದ ಫಿಲ್ಟರ್ ಉಸುಕು. ಅದರ ಕಾಳಿಗೆ ಮೆತ್ತಿದ ಜೇಡಿ ಸಿಮೆಂಟನ್ನು ಹಿಡಿಯಗೊಡುವುದಿಲ್ಲ. ಇದನ್ನು ಲಾರಿಯಲ್ಲಿ ತಂದು ಸುರಿದವನಿಗೂ ಗೊತ್ತು, ಸುರಿಸಿಕೊಂಡವನಿಗೂ ಗೊತ್ತು.

ಇಂಥದೊಂದು ಕಾಲೊನಿಯಲ್ಲಿ ಅಜ್ಜಿಯೊಬ್ಬಳು ತನ್ನ ಮನೆ ತೋರಿಸಿದಳು. ಎರಡು ಕೋಣೆ. ಬಾಗಿಲು ಅರ್ಧ ಮುಚ್ಚಿ ನಿಂತುಬಿಟ್ಟಿತ್ತು. "ಯಪ್ಪಾ, ಮಳಿಗಾಲದಾಗ ಬಾಗ್ಲಾ ಹಾಕಾಕ ಬರಂಗಿಲ್ಲ. ಬ್ಯಾಸಗ್ಯಾಗ ಹಾಕಿದ್ ಬಾಗ್ಲದ ಸಂದ್ಯಾಗ ಹಾವು ಬರ್ತಾವು," ಅಂದಳು. ಮಲಗುವುದೆಲ್ಲಿ ಎಂದರೆ ಅಂಗಳ ತೋರಿಸಿದಳು. ಮನೆಯ ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ 'ಪೂರ್ಣಗೊಂಡಿದೆ' ಎಂದಿತ್ತು. ಇನ್ನೊಂದು ಮನೆ ಆಕೆಗೆ ಸಿಗುವುದಿಲ್ಲ. ಒಮ್ಮೆ ಪೂರ್ಣಗೊಂಡವರಿಗೆ ಮತ್ತೆ ಹಕ್ಕಿಲ್ಲ. ಸರ್ಕಾರದ ಲೆಕ್ಕದಲ್ಲಿ ಆಕೆ ಪಕ್ಕಾ ಮನೆಯಲ್ಲಿದ್ದಾಳೆ.

ಆ ಮನೆಯ ಹಿಂದೆ ನೀರು ಮಡುಗಟ್ಟಿತ್ತು. ಬಚ್ಚಲಿನದು, ನಲ್ಲಿಯದು. 2019ರಿಂದ ಮನೆ ಮನೆಗೆ ನಲ್ಲಿ ಕೊಡುವ ಯೋಜನೆ ನಡೆದಿದೆ. ನೀರು ಬೇಕು, ಬರಲಿ. ಆದರೆ ನಲ್ಲಿ ಬಂದ ಎಷ್ಟೋ ಓಣಿಗಳಿಗೆ ಗಟಾರ ಬರಲಿಲ್ಲ. ನೀರು ಎಲ್ಲಿಗೆ ಹೋಗಬೇಕು? ಬುನಾದಿಗೇ ಇಳಿಯುತ್ತದೆ. ಎರೆಮಣ್ಣಿಗೆ ಸುತ್ತಲೂ ಒಂದೇ ಸಮ ಹಸಿ ಇದ್ದರೆ ಅಷ್ಟು ಕೇಡಿಲ್ಲ. ಒಂದು ಮಗ್ಗುಲು ಸದಾ ಒದ್ದೆ, ಇನ್ನೊಂದು ಮಗ್ಗುಲು ಸದಾ ಒಣ, ಆಗಲೇ ಮನೆ ಹರಿಯುವುದು. ಮನೆಯ ಸುತ್ತ ಒಂದು ಮೀಟರ್ ಅಗಲ, ಹೊರಗೆ ವಾಟವಾಗುವಂತೆ ಫರ್ಸಿ ಹಾಸಿ, ನೀರನ್ನು ದೂರ ಕಳಿಸಿದರೆ ಅರ್ಧ ಕಾಟ ತಪ್ಪುತ್ತದೆ. ಶಹಾಬಾದಿನ ಫರ್ಸಿಗಲ್ಲು ಹುಟ್ಟುವ ನಾಡಿನಲ್ಲಿ ನಾಲ್ಕು ಕಲ್ಲಿಗೆ ಬರವೆ?

2009ರ ನೆರೆ ನೆನಪಿಸಿಕೊಳ್ಳಿ. ಉತ್ತರ ಕರ್ನಾಟಕದ ಹಳ್ಳಿಗಳು ಮುಳುಗಿದವು. ನಾಡೆಲ್ಲ ಮರುಗಿತು. ದಾನಿಗಳು ಮುಂದೆ ಬಂದರು. 'ಆಸರೆ' ಹೆಸರಲ್ಲಿ ಹೊಸ ಊರುಗಳನ್ನು ಕಟ್ಟಿಸಿದರು. ಆಮೇಲಿನ ವರ್ಷಗಳ ಪತ್ರಿಕೆ ತೆರೆದು ನೋಡಿ. ಬಿರಿದ ಗೋಡೆ, ಬೀಗ ಬಿದ್ದ ಮನೆ, ಜಾಲಿ ಬೆಳೆದ ಓಣಿ, ಹಳೆಯ ಊರಿಗೇ ಮರಳಿದ ಜನ. ನೆರೆಯಿಂದ ಬದುಕಿ ಬಂದವರನ್ನು ಉಬ್ಬುವ ನೆಲದ ಮೇಲೆ ತಂದು ಬಿಟ್ಟರು. ಜಾಗ ಆರಿಸುವಾಗ ಮಣ್ಣು ನೋಡಿದವರು ಯಾರು? ಯಾರ ಹೊಲಕ್ಕೆ ಎಷ್ಟು ದರ ಎಂದು ಮಾತ್ರ ನೋಡಿದರೆ?

ಬಡವರ ಕಾಲೊನಿಗಷ್ಟೇ ಬಂದ ಕೇಡಲ್ಲ ಇದು. ಹುಬ್ಬಳ್ಳಿ, ವಿಜಯಪುರ, ಕಲಬುರಗಿಯ ಅಂಚಿನಲ್ಲಿ ಸಾಲುಸಾಲಾಗಿ ಬಡಾವಣೆಗಳು ಏಳುತ್ತಿವೆ. ನಿನ್ನೆಯವರೆಗೆ ಜೋಳ, ಕಡಲೆ ಬೆಳೆದ ಕರಿನೆಲ. ಕೃಷಿಯೇತರ ಎಂದು ಎನ್ಎ ಆಯಿತು, ಕಮಾನು ನಿಂತಿತು, ಕಲ್ಲು ನೆಟ್ಟರು, ಸೈಟು ಮಾರಿದರು. ಮಾರಿದವನ ಬಣ್ಣದ ಕಾಗದದಲ್ಲಿ ಪಾರ್ಕಿದೆ, ಗುಡಿಯಿದೆ, ಬಸ್‌ಸ್ಟ್ಯಾಂಡಿಗೆ ಎಷ್ಟು ದೂರ ಎಂದಿದೆ. ಮಣ್ಣಿನ ಮಾತು ಒಂದು ಸಾಲೂ ಇಲ್ಲ. ಅನ್ನ ಕೊಡುವ ನೆಲವನ್ನು ಕೊಂದು, ಅದರ ಮೇಲೆ ನಿಲ್ಲಲಾರದ ಮನೆ ಕಟ್ಟಿಸುವ ಈ ದಂಧೆಗೆ ಹೆಸರು ಅಭಿವೃದ್ಧಿ! ಆ ಮನೆಗೆ ಗುಡ್ಡ ಕಡಿದು ಗರಸು ತಂದರು. ಹೊಳೆ ಬಗೆದು ಉಸುಕು ತಂದರು. ಬೆಟ್ಟ ಸಿಡಿಸಿ ಖಡಿ ತಂದರು. ಹತ್ತು ವರ್ಷಕ್ಕೆ ಮನೆ ಒಡೆದು ಮತ್ತೆ ಕಟ್ಟಬೇಕಾದರೆ ಮತ್ತೆ ಅದೇ ಗುಡ್ಡ, ಅದೇ ಹೊಳೆ, ಅದೇ ಬೆಟ್ಟ.

ಕೊಂಡವರಿಗೆ ಕಾನೂನಿನ ಕಾವಲಿದೆಯೆ? ರಿಯಲ್ ಎಸ್ಟೇಟ್ ವ್ಯವಹಾರದ ಮೇಲೆ ಕಣ್ಣಿಡುವ ರೇರಾ ಕಾಯ್ದೆಯ ಪ್ರಕಾರ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಮನೆ ಕೈಗೆ ಬಂದ ದಿನದಿಂದ ಐದು ವರ್ಷ ಬಿಲ್ಡರನೇ ಸರಿಪಡಿಸಿಕೊಡಬೇಕು. ಆದರೆ 500 ಚದರ ಮೀಟರ್ ಮೀರದ ಜಾಗದ, ಅಥವಾ ಎಂಟು ಮನೆ ಮೀರದ ಯೋಜನೆ ನೋಂದಣಿಯಾಗಬೇಕಿಲ್ಲ. ಸೈಟು ಕೊಂಡು ಗುತ್ತಿಗೆ ಕೊಟ್ಟು ಮನೆ ಕಟ್ಟಿಸಿದ ಮೇಷ್ಟರಿಗೆ, ಕಂಡಕ್ಟರಿಗೆ ಅದರಿಂದ ಏನು ಸಿಕ್ಕೀತು? ಗುತ್ತಿಗೆದಾರ ಕಡೆಯ ಕಂತು ಎಣಿಸಿಕೊಂಡ ಮರುದಿನದಿಂದ ಫೋನು ಎತ್ತುವುದಿಲ್ಲ.

ಓದುಗರೇ, ನಿಮ್ಮನ್ನೂ ಬಿಡಲಾರೆ. ಮನೆ ಕಟ್ಟಿಸುವಾಗ ವಾಸ್ತು ನೋಡುವವನನ್ನು ಕರೆಸಿ, ಕೈತುಂಬ ದಕ್ಷಿಣೆ ಕೊಟ್ಟು, ಅಡುಗೆಮನೆ ಎರಡು ಸಲ ಜಾಗ ಬದಲಿಸಿದಿರಿ. ಮಣ್ಣು ಪರೀಕ್ಷೆ ಮಾಡಿಸೋಣ ಎಂದ ಎಂಜಿನಿಯರನಿಗೆ "ಸುಮ್ನ ಖರ್ಚು" ಅಂದಿರಿ. ಹಾಲಿಗೆ ಗ್ರಾನೈಟು, ಮುಂಬಾಗಿಲಿಗೆ ತೇಗ, ಮುಖಕ್ಕೆ ಮೂರು ಬಣ್ಣದ ಎಲಿವೇಷನ್. ಪಾಯಾದಲ್ಲಿ ಮಾತ್ರ ಉಳಿತಾಯ. ನಾಲ್ಕಡಿ ಸಾಕು ಎಂದವನಿಗೆ ಗುತ್ತಿಗೆ ಕೊಟ್ಟಿರಿ, ಆರಡಿ ಬೇಕು ಎಂದವನನ್ನು ಕಳ್ಳ ಎಂದಿರಿ. ಈ ಪಾಪದಲ್ಲಿ ನಿಮ್ಮ ಪಾಲೂ ಇದೆ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿಯಿತು. 19 ಜನ ಸತ್ತರು. ಮಂತ್ರಿಗಳು ಬಂದರು, ತನಿಖೆ ಎಂದರು, ಪರಿಹಾರ ಎಂದರು. ಒಮ್ಮೆಲೇ ಬಿದ್ದ ಕಟ್ಟಡಕ್ಕೆ ಕ್ಯಾಮೆರಾ ಬರುತ್ತದೆ. ಎರೆಯ ಮೇಲಿನ ಸಾವಿರಾರು ಮನೆಗಳು ಒಮ್ಮೆಲೇ ಬೀಳುವುದಿಲ್ಲ. ವರ್ಷಕ್ಕೆ ಒಂದು ಬೆರಳಿನಷ್ಟು ಬಿರಿಯುತ್ತವೆ. ಯಾವ ತನಿಖೆಯೂ ಇಲ್ಲ. ಗಿಲಾಯ ಮೆತ್ತಿ, ಸುಣ್ಣ ಬಳಿದು, ಮತ್ತೆ ಬಿರಿದು, ಮತ್ತೆ ಮೆತ್ತಿ, ಒಂದು ಕುಟುಂಬದ ಜೀವಮಾನದ ದುಡಿಮೆ ಆ ಸಂದಿಯೊಳಗೆ ಇಳಿದುಹೋಗುತ್ತದೆ. ಇದು ಅಪಘಾತವೆ? ಗೊತ್ತಿದ್ದೂ ಮಾಡಿದ್ದಕ್ಕೆ ನಮ್ಮ ಊರುಗಳಲ್ಲಿ ಬೇರೆ ಹೆಸರಿದೆ.

ಅಧಿಕಾರಿಗಳು ತಾವಾಗಿ ಕೇಳಿಸಿಕೊಳ್ಳುವವರಲ್ಲ. ಗ್ರಾಮಸಭೆಯಲ್ಲಿ ಕೂಗಬೇಕು. ನಿವೇಶನ ಹಂಚುವ ಮೊದಲು ಮಣ್ಣಿನ ವರದಿ ಓದಿ ಹೇಳಿ, ಆಮೇಲೆ ಹಕ್ಕುಪತ್ರ ಕೊಡಿ ಎನ್ನಬೇಕು. ಎರೆಭೂಮಿಯ ಮನೆಗೆ ಬುನಾದಿಯ ಹೆಚ್ಚುವರಿ ಹಣ ಎಷ್ಟು ಎಂದು ಶಾಸಕರನ್ನು ವೇದಿಕೆಯಲ್ಲೇ ನಿಲ್ಲಿಸಿ ಕೇಳಬೇಕು. ಪಾಯಾ ತೋಡಿದ ದಿನ ಎಂಜಿನಿಯರು ಬರದಿದ್ದರೆ ಕಲ್ಲು ಹಾಕಗೊಡಬಾರದು. ಬಂದರೆ ಅಳತೆಪಟ್ಟಿ ಕೈಗೆ ಕೊಟ್ಟು ತೆಗ್ಗಿನೊಳಗೆ ಇಳಿಸಬೇಕು. ಆ ಅಳತೆ, ಅವರ ಹೆಸರು, ಆ ದಿನದ ತಾರೀಖು ಮನೆಯ ಗೋಡೆಯ ಮೇಲೆ, ಯೋಜನೆಯ ಹೆಸರಿನ ಕೆಳಗೇ ಬರೆಸಬೇಕು. ಈಗಾಗಲೇ ಬಿರಿದ ಮನೆಗಳ ಪಟ್ಟಿ ಮಾಡಿ, ಕಟ್ಟಿದವರ ಖರ್ಚಿನಲ್ಲೇ ದುರಸ್ತಿ ಮಾಡಿಸಿ ಎಂದು ಜಿಲ್ಲಾ ಪಂಚಾಯಿತಿಯ ಬಾಗಿಲಲ್ಲಿ ಕೂರಬೇಕು. ಮುಂದಿನ ಮಾರ್ಚ್ ಬರುವ ಮೊದಲೇ ಕೂರಬೇಕು. ನಿಮ್ಮೂರಿನಲ್ಲಿ ಮಣ್ಣಿನ ವರದಿಯನ್ನು ಮೊದಲು ಕೇಳುವವರು ನೀವೇ ಆಗಿ.